ಕವಚ ಕಿತ್ತುಕೊಳ್ಳಬೇಡಿ, ಕೇಳಿ ಪಡೆಯಿರಿ

(ಮೈಸೂರಿನಲ್ಲಿ ಟೇಬಲ್‌ಟಾಪ್ ಆಟಗಳ ಆಸಕ್ತರು ಸೇರಿದ್ದ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಡುವವರು, ಕೆಲವರು ಆಡಿಸುವವರು. ಮಕ್ಕಳನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂತಿರುವ ತಂದೆ ತಾಯಂದಿರೂ ಇದ್ದಾರೆ. ಮೊದಲು ಅವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಈ ಆಟಕ್ಕೆ ಬೋರ್ಡು ಇರಲೇಬೇಕು ಅಂತಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಇನ್ನೊಬ್ಬ ಕಳ್ಳ. ಒಬ್ಬರು ಮಾತ್ರ ಪಾತ್ರ ಹಿಡಿಯದೆ ಉಳಿದ ಇಡೀ ಲೋಕವನ್ನು ನಡೆಸುತ್ತಾರೆ. ಊರು, ಕಾಡು, ರಾಕ್ಷಸ, ಅಂಗಡಿಯವನು, ಮಳೆ ಎಲ್ಲವೂ ಅವರೇ. ಅವರನ್ನು ನಾವು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅನ್ನುತ್ತೇವೆ. "ನಾನು ಗೋಡೆ ಹಾರ್ತೀನಿ" ಎಂದು ಆಟಗಾರ ಹೇಳುತ್ತಾನೆ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ, ಹಾರಿದನೋ ಬಿದ್ದನೋ ಅನ್ನುವುದು ತೀರ್ಮಾನವಾಗುತ್ತದೆ, ಕಥೆ ಮುಂದೆ ಹೋಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ.

ಈ ಊರಿನಲ್ಲಿ ಆಟವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳಿಗೆ ಒಂದೊಂದು ನಿಧಿ, ಅಂದರೆ ಗ್ರಂಥದ ಒಂದೊಂದು ಭಾಗ, ಕೊಟ್ಟ ಹಾಗೆಯೇ ಆಟಗಳಿಗೂ ಕೌತುಕನಿಧಿಯಲ್ಲಿ ಜಾಗ ಕೊಟ್ಟರು. ದೇವರ ಪಕ್ಕದಲ್ಲಿ ಚದುರಂಗ, ಗಂಜೀಫ ಇಟ್ಟ ಊರು ಇದು. ಆದ್ದರಿಂದ ಒಂದು ಆಟದ ಒಂದು ತೊಡಕಿನ ಬಗ್ಗೆ ಒಂದು ಗಂಟೆ ಮಾತಾಡಲು ನನಗೆ ಯಾವ ಸಂಕೋಚವೂ ಇಲ್ಲ.

ತೊಡಕು ಯಾವುದು ಅಂತ ಆಡುವವರಿಗೆಲ್ಲ ಗೊತ್ತು. ನಾಲ್ವರಲ್ಲಿ ಒಬ್ಬನ ಪಾತ್ರ ವಿಪರೀತ ಬಲಶಾಲಿಯಾಗಿಬಿಡುತ್ತದೆ. ಅವನು ಹೊಡೆದರೆ ಎದುರಾಳಿ ಉಳಿಯುವುದಿಲ್ಲ, ಅವನಿಗೆ ಯಾರ ಹೊಡೆತವೂ ತಾಗುವುದಿಲ್ಲ. "ಓಪಿ ಆಗೋಯ್ತು ಗುರು" ಅಂತ ಮೇಜಿನಲ್ಲಿ ಗೊಣಗಾಟ ಶುರುವಾಗುತ್ತದೆ. ಓಪಿ ಅಂದರೆ ಓವರ್‌ಪವರ್ಡ್, ಅತಿ ಬಲಶಾಲಿ. ಡಿಎಂ ತಲೆ ಕೆರೆದುಕೊಳ್ಳುತ್ತಾರೆ, ಮನೆಗೆ ಹೋಗಿ ಆ ಪಾತ್ರವನ್ನು ಬಗ್ಗಿಸುವುದು ಹೇಗೆ ಅಂತ ಯೋಚಿಸುತ್ತಾರೆ.

ಅಲ್ಲೇ ಸ್ವಲ್ಪ ನಿಲ್ಲಿ ಅಂತ ನನ್ನ ಮನವಿ. ಬಗ್ಗಿಸುವ ಮೊದಲು ಬೇಜಾರು ಯಾರಿಗಾಗಿದೆ ಅಂತ ನೋಡಿ. ಎಷ್ಟೋ ಸಲ ಬೇಜಾರಾಗಿರುವುದು ಡಿಎಂಗೆ ಮಾತ್ರ. ವಾರವಿಡೀ ಕೂತು ಕಟ್ಟಿದ ಡ್ರ್ಯಾಗನ್ ಎರಡೇ ಸುತ್ತಿಗೆ ಸತ್ತುಬಿದ್ದರೆ ಕಟ್ಟಿದವರಿಗೆ ನೋವಾಗುತ್ತದೆ, ಸಹಜ. ಆದರೆ ಆ ಹೊತ್ತಿನಲ್ಲಿ ಮೇಜಿನ ಸುತ್ತ ಇದ್ದವರೆಲ್ಲ ಕುರ್ಚಿ ಬಿಟ್ಟು ಎದ್ದು ಕೂಗುತ್ತಿದ್ದರೆ ಅಲ್ಲಿ ಯಾವ ತೊಂದರೆಯೂ ಆಗಿಲ್ಲ. ಆ ಡ್ರ್ಯಾಗನ್ ತನ್ನ ಕೆಲಸ ಮಾಡಿಯೇ ಸತ್ತಿದೆ. ತೊಂದರೆ ಇರುವುದು ಉಳಿದ ಮೂವರಿಗೆ ಮಾಡಲು ಏನೂ ಉಳಿಯದಿದ್ದಾಗ. ನಾನು ಮಾತಾಡಲು ಬಂದಿರುವುದು ಅದರ ಬಗ್ಗೆ.

ನಮ್ಮ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿರುವುದನ್ನು ನೋಡಿರುತ್ತೀರಿ. ಮೂರು ಹುಲಿ, ಹದಿನೈದು ಕುರಿ ಇಟ್ಟು ಆಡುವುದು ಒಂದು ರೂಢಿ. ಹುಲಿ ಕುರಿಯ ಮೇಲೆ ಹಾರಿ ಅದನ್ನು ಹೊಡೆಯುತ್ತದೆ. ಕುರಿ ಯಾರನ್ನೂ ಹೊಡೆಯುವಂತಿಲ್ಲ. ಬಲದ ಲೆಕ್ಕದಲ್ಲಿ ಇಷ್ಟು ಏರುಪೇರಾದ ಆಟ ಮತ್ತೊಂದಿಲ್ಲ. ಹಾಗಿದ್ದೂ ಇಂದಿಗೂ ಜನ ಕೂತು ಆಡುತ್ತಾರೆ, ಏಕೆಂದರೆ ಕುರಿಗೆ ಅದರದೇ ಒಂದು ಕೆಲಸವಿದೆ: ಹುಲಿಯನ್ನು ಸುತ್ತುವರಿದು ಅಲುಗಾಡದ ಹಾಗೆ ಕಟ್ಟಿಹಾಕುವುದು. ಆ ಕೆಲಸ ಹುಲಿಯಿಂದ ಆಗುವುದಿಲ್ಲ. ಆಟ ಕಟ್ಟಿದವರು ಹುಲಿಯ ಹಲ್ಲು ಕೀಳಲಿಲ್ಲ, ಕುರಿಗೊಂದು ದಾರಿ ಕೊಟ್ಟರು. ಬಲದ ಬಗ್ಗೆ ನನ್ನ ನಿಲುವು ಇಷ್ಟೇ. ಮುಂದಿನದೆಲ್ಲ ಅದನ್ನು ಮೇಜಿನ ಮೇಲೆ ಮಾಡುವುದು ಹೇಗೆ ಅನ್ನುವುದರ ವಿವರ.

ಬಲವನ್ನು ಬಲದಿಂದಲೇ ಎದುರಿಸಲು ಹೊರಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿಯೇ ನೋಡೋಣ. 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮ ಇಟ್ಟುಕೊಳ್ಳಿ. ಒಬ್ಬ ಫೈಟರ್. ಮೈತುಂಬ ಪ್ಲೇಟ್ ಕವಚ, ಎಸಿ 18. ಎಸಿ ಅಂದರೆ ರಕ್ಷಣೆಯ ಅಂಕ, ಹೊಡೆಯುವವನ ದಾಳದ ಒಟ್ಟು ಅಷ್ಟನ್ನು ಮುಟ್ಟಿದರೆ ಹೊಡೆತ ತಾಗುತ್ತದೆ. ಕೈಯಲ್ಲಿ ಗುರಾಣಿ, ಅದಕ್ಕೆ ಇನ್ನೆರಡು, ಒಟ್ಟು 20. ನಡುವೆ ಒಂದು ಲೆವೆಲ್ (ಹಂತ) ವಿಝರ್ಡ್, ಅಂದರೆ ಮಂತ್ರವಾದಿಯ ವಿದ್ಯೆ ತೆಗೆದುಕೊಂಡು ‘ಶೀಲ್ಡ್’ ಎಂಬ ಮಂತ್ರ ಕಲಿತಿದ್ದಾನೆ. ಹೊಡೆತ ಬಿದ್ದ ಕ್ಷಣದಲ್ಲಿ ಅದನ್ನು ಪ್ರಯೋಗಿಸಿದರೆ ಅವನ ಮುಂದಿನ ಸರದಿ ಬರುವವರೆಗೆ ಎಸಿಗೆ ಇನ್ನೈದು ಸೇರುತ್ತದೆ. ಒಟ್ಟು 25. ಎದುರಿಗೆ ಒಂದು ಗಾಬ್ಲಿನ್, ಸಣ್ಣ ರಾಕ್ಷಸ. ಅದು ದಾಳ ಉರುಳಿಸಿದಾಗ ಬಿದ್ದ ಅಂಕಿಗೆ 4 ಸೇರುತ್ತದೆ. ದಾಳದಲ್ಲಿ 20 ಬಿದ್ದರೆ ಮಾತ್ರ (ಆಗ ಎಸಿ ಎಷ್ಟಿದ್ದರೂ) ತಾಗೀತು, ಅಂದರೆ ನೂರಕ್ಕೆ ಐದು ಸಲ.

ಡಿಎಂ ರೇಗಿ 4ರ ಬದಲು 12 ಸೇರುವಂಥ ಪ್ರಾಣಿಯನ್ನು ತರುತ್ತಾರೆ. ಈಗ ಫೈಟರ್‌ಗೆ 13 ಅಥವಾ ಮೇಲೆ ಬಿದ್ದರೆ ತಾಗುತ್ತದೆ, ನೂರಕ್ಕೆ ನಲವತ್ತು. ಸರಿಹೋಯಿತು ಅನ್ನಿಸುತ್ತದೆ. ಆದರೆ ಅದೇ ಪ್ರಾಣಿ ಪಕ್ಕದಲ್ಲಿರುವ ಮಂತ್ರವಾದಿಯ ಕಡೆ ತಿರುಗಿದರೆ? ಅವಳ ಎಸಿ 14. ದಾಳದಲ್ಲಿ 1 ಬಿದ್ದರೆ ಮಾತ್ರ ಅವಳು ಬಚಾವು, ನೂರಕ್ಕೆ ತೊಂಬತ್ತೈದು ಸಲ ತಾಗುತ್ತದೆ. ಐದನೇ ಲೆವೆಲ್ಲಿನ ವಿಝರ್ಡ್, ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14 ಇದ್ದರೆ, ಸರಾಸರಿ ಲೆಕ್ಕಕ್ಕೆ ಅವಳ ಜೀವಬಲ 32 ಎಚ್‌ಪಿ. ಅಷ್ಟು ದೊಡ್ಡ ಪ್ರಾಣಿಯ ಎರಡು ಹೊಡೆತಕ್ಕೆ ಅವಳು ನೆಲಕ್ಕೆ. ಫೈಟರ್‌ನನ್ನು ಬಗ್ಗಿಸಲು ತಂದ ಪ್ರಾಣಿ ಅವನನ್ನು ಬಿಟ್ಟು ಉಳಿದವರನ್ನೆಲ್ಲ ಮಲಗಿಸುತ್ತದೆ. ಕೊನೆಗೆ ಅವರನ್ನು ಕಾಪಾಡುವವನೂ ಅದೇ ಫೈಟರ್! ಈ ಪೈಪೋಟಿಗೆ ಇಳಿದ ಮೇಜುಗಳು ಎರಡು ತಿಂಗಳಲ್ಲಿ ಖಾಲಿಯಾಗಿದ್ದನ್ನು ನಾನು ನೋಡಿದ್ದೇನೆ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಒಂದು ಲೆವೆಲ್ ವಿಝರ್ಡ್‌ಗೆ ದಿನಕ್ಕೆ ಸಿಗುವುದು ಎರಡೇ ಸ್ಪೆಲ್ ಸ್ಲಾಟ್, ಅಂದರೆ ಎರಡೇ ಸಲ ಇಂಥ ಮಂತ್ರ ಹಾಕುವ ಅವಕಾಶ. ನಡುವೆ ಸ್ವಲ್ಪ ದಣಿವಾರಿಸಿಕೊಂಡರೆ ದಿನಕ್ಕೊಮ್ಮೆ ಇನ್ನೊಂದು ಮರಳಿ ಬರುತ್ತದೆ. ಅಂದರೆ ಆ 25 ಎಂಬ ಎಸಿ ದಿನಕ್ಕೆ ಮೂರು ಸಲ ಮಾತ್ರ. 2014ರ ಡಿಎಂ ಕೈಪಿಡಿ ಆಟದೊಳಗಿನ ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ ನಿಭಾಯಿಸಬಹುದು ಅಂತ ಅಂದಾಜು ಕೊಟ್ಟಿತ್ತು. ನಾವೇನು ಮಾಡುತ್ತೇವೆ? ಭಾನುವಾರ ಮಧ್ಯಾಹ್ನ ಸೇರುತ್ತೇವೆ, ಒಂದು ದೊಡ್ಡ ಕಾಳಗ ಆಡುತ್ತೇವೆ, "ರಾತ್ರಿ ಮಲಗಿ ಎದ್ದಿರಿ" ಅನ್ನುತ್ತೇವೆ, ಮನೆಗೆ ಹೋಗುತ್ತೇವೆ. ಮುಂದಿನ ವಾರ ಎಲ್ಲ ಸ್ಲಾಟೂ ಭರ್ತಿ. ಒಂದೇ ಕಾಳಗದ ದಿನದಲ್ಲಿ ಎಲ್ಲವನ್ನೂ ಒಮ್ಮೆಗೇ ಸುರಿಯುವ ಪಾತ್ರ ಮೆರೆಯುತ್ತದೆ. ನಿಧಾನವಾಗಿ, ದಿನವಿಡೀ ಒಂದೇ ಸಮ ದುಡಿಯುವ ಪಾತ್ರ ಮಂಕಾಗುತ್ತದೆ. ಆಟ ಮುಗಿಸುವ ಹೊತ್ತಿಗೆ ಆಟದೊಳಗಿನ ದಿನವೂ ಮುಗಿಯಲೇಬೇಕು ಅಂತ ಯಾವ ನಿಯಮವೂ ಇಲ್ಲ. ಸಂಜೆ ಮನೆಗೆ ಹೋಗಿ, ಕಥೆಯಲ್ಲಿ ಮಧ್ಯಾಹ್ನವೇ ಇರಲಿ. ಇದೊಂದನ್ನು ಮಾಡಿದರೆ ಅರ್ಧ ಓಪಿ ದೂರುಗಳು ತಾವಾಗಿಯೇ ಇಳಿಯುತ್ತವೆ. ಯಾರ ಪಾತ್ರದ ಹಾಳೆಯ ಮೇಲೂ ರಬ್ಬರ್ ಉಜ್ಜಬೇಕಿಲ್ಲ.

ಉಜ್ಜಬೇಕಾದ ಕೆಲವನ್ನು ಪ್ರಕಾಶಕರೇ ಉಜ್ಜಿದ್ದಾರೆ. ಬಿಲ್ಲುಗಾರರಿಗಿದ್ದ ಶಾರ್ಪ್‌ಶೂಟರ್ ಕೌಶಲದಲ್ಲಿ ಗುರಿಯಲ್ಲಿ 5 ಕಳೆದುಕೊಂಡು ಪೆಟ್ಟಿನಲ್ಲಿ 10 ಸೇರಿಸಿಕೊಳ್ಳುವ ಅವಕಾಶವಿತ್ತು. 2024ರ ಪುಸ್ತಕದಲ್ಲಿ ಅದು ಹೋಯಿತು. ಪ್ಯಾಲಡಿನ್‌ಗಳು (ದೈವಬಲದ ಯೋಧರು) ಒಂದೇ ಸರದಿಯಲ್ಲಿ ಮತ್ತೆ ಮತ್ತೆ ಸ್ಮೈಟ್, ಅಂದರೆ ದೈವಬಲದ ಪೆಟ್ಟು, ಹಾಕುವುದಕ್ಕೂ ಅದೇ ವರ್ಷ ಕಡಿವಾಣ ಬಿತ್ತು. ಹಳೇ ಪುಸ್ತಕದಲ್ಲೇ ಆಡುವವರು ಈ ಎರಡನ್ನು ಎರವಲು ತರಬಹುದು. ಆದರೆ ನಡುಆಟದಲ್ಲಿ ತರಬೇಡಿ, ಕ್ಯಾಂಪೇನ್ (ವಾರವಾರ ಮುಂದುವರಿಯುವ ಕಥೆ) ಶುರುವಾಗುವ ಮೊದಲು ಎಲ್ಲರೂ ಕೂತು ಮಾತಾಡುವ ಸೆಷನ್ ಝೀರೋದಲ್ಲೇ ಹೇಳಿಬಿಡಿ.

ಬಲಶಾಲಿಗಳನ್ನು ಎದುರಿಸುವುದು ಈ ಆಟದಷ್ಟೇ ಹಳೆಯ ವಿಷಯ. ತಮ್ಮ ಪಾತ್ರಗಳಿಗೆ ಸೋಲೇ ಇಲ್ಲ ಎಂದುಕೊಂಡಿದ್ದ ನುರಿತ ಆಟಗಾರರನ್ನು ಪರೀಕ್ಷಿಸಲು ಗೈಗ್ಯಾಕ್ಸ್ ‘ಟೂಂಬ್ ಆಫ್ ಹಾರರ್ಸ್’ ಎಂಬ ಗೋರಿಯನ್ನು ಕಟ್ಟಿದರು. 1975ರಲ್ಲಿ ಆರಿಜಿನ್ಸ್ ಸಮಾವೇಶದಲ್ಲಿ ಅದನ್ನು ಆಡಿಸಿದರು, 1978ರಲ್ಲಿ ಅದು ಅಚ್ಚಾಯಿತು. ಅಲ್ಲಿ ಕೊಲ್ಲುವುದು ರಾಕ್ಷಸರಿಗಿಂತ ಹೆಚ್ಚಾಗಿ ಬಲೆಗಳು. ತಪ್ಪು ಬಾಗಿಲು, ತಪ್ಪು ಬಾಯಿ, ತಪ್ಪು ಕಿರೀಟ. ಪರೀಕ್ಷೆಯಾಗಿ ಅದು ಅದ್ಭುತ. ಆದರೆ ವಾರವಾರ ನಡೆಯುವ ಕ್ಯಾಂಪೇನಿನಲ್ಲಿ ಅಂಥದ್ದನ್ನು ತಂದರೆ ಆಟಗಾರರು ಬಾಗಿಲು ಮುಟ್ಟಲೂ ಹೆದರುತ್ತಾರೆ, ಪ್ರತಿ ಹಾಸುಗಲ್ಲನ್ನೂ ಕೋಲಿನಿಂದ ತಟ್ಟುತ್ತಾ ಸಂಜೆ ಕಳೆಯುತ್ತಾರೆ.

ನನಗೆ ಹೆಚ್ಚು ಇಷ್ಟವಾಗುವುದು 1987ರಲ್ಲಿ ‘ಡ್ರ್ಯಾಗನ್’ ಪತ್ರಿಕೆಯ ಸಂಪಾದಕೀಯದಲ್ಲಿ ಬಂದ ಟಕ್ಕರ್‌ನ ಕೋಬೋಲ್ಡ್‌ಗಳ ಕಥೆ. ಕೋಬೋಲ್ಡ್ ಅಂದರೆ ಇಡೀ ಆಟದಲ್ಲೇ ಅತಿ ದುರ್ಬಲ ಜೀವಿಗಳಲ್ಲಿ ಒಂದು. ಆದರೆ ಟಕ್ಕರ್ ಎಂಬ ಡಿಎಂನ ಕೋಬೋಲ್ಡ್‌ಗಳು ತಮ್ಮ ಸುರಂಗಗಳನ್ನು ಬಲ್ಲವು. ಕಿಂಡಿಯಿಂದ ಬಾಣ ಬಿಡುತ್ತವೆ, ಬೆಂಕಿ ಹಚ್ಚಿ ಹೊಗೆಯಲ್ಲಿ ಓಡಿಸುತ್ತವೆ, ಎದುರಿಗೆ ನಿಲ್ಲುವುದೇ ಇಲ್ಲ. ಎಷ್ಟೋ ಲೆವೆಲ್ ದಾಟಿದ ವೀರರು ಅವುಗಳಿಗೆ ಹೆದರಿ ಓಡಿದರು. ಅಂಕಿಗಳಲ್ಲಿ ಏನೂ ಬದಲಾಗಿರಲಿಲ್ಲ, ಎದುರಾಳಿ ಯೋಚಿಸಲು ಶುರು ಮಾಡಿತ್ತು. ಐದನೇ ಆವೃತ್ತಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಒಂದನೇ ಲೆವೆಲ್ಲಿನಿಂದ ಇಪ್ಪತ್ತಕ್ಕೆ ಹೋದರೂ ದಾಳಕ್ಕೆ ಸೇರುವ ಪ್ರಾವೀಣ್ಯದ ಅಂಕ 2ರಿಂದ 6ಕ್ಕೆ ಏರುತ್ತದೆ, ಅಷ್ಟೇ. ಹಾಗಾಗಿ ಸಣ್ಣವರು ಗುಂಪಾಗಿ ಬಂದರೆ ದೊಡ್ಡವನೂ ಬೆವರುತ್ತಾನೆ.

ಆದರೂ ಇದೆಲ್ಲ ಕಾಳಗದೊಳಗಿನ ಮಾತಾಯಿತು. ಕತ್ತಿಯಿಂದ ಬಗೆಹರಿಯದ ಪ್ರಶ್ನೆಯನ್ನು ಮೇಜಿನ ಮೇಲೆ ಇಡುವುದು ಇದಕ್ಕಿಂತ ದೊಡ್ಡ ಉಪಾಯ. ನಮ್ಮ ಮೇಜಿನಲ್ಲಿ ನಡೆದದ್ದೊಂದನ್ನು ವಿವರವಾಗಿ ಹೇಳುತ್ತೇನೆ.

ನಮ್ಮ ಕ್ಯಾಂಪೇನಿನ ಲೋಕವನ್ನು ನಾವೇ ಕಟ್ಟಿಕೊಂಡಿದ್ದೇವೆ. ಹೆಸರುಗಳು ಬೇರೆ, ಆದರೆ ಮಂಡ್ಯ ಕಡೆಯ ನಾಲೆ, ಗದ್ದೆ, ಆಲೆಮನೆ ಎಲ್ಲ ಅದರಲ್ಲಿವೆ. ಮೇಲೆ ಹೇಳಿದಂಥದೇ ಒಬ್ಬ ಫೈಟರ್ ಅಲ್ಲಿದ್ದ. ಪಾತ್ರದ ಹೆಸರು ಭೈರವ, ಸ್ಟ್ರೆಂಥ್ 20. ಅವನನ್ನು ಆಡುವ ಹುಡುಗನಿಗೆ ನಿಯಮದ ಪುಸ್ತಕ ಬಾಯಿಪಾಠ. ಪಕ್ಕದಲ್ಲಿ ಕೂರುವ ಹುಡುಗಿಯದು ಬಾರ್ಡ್ ಪಾತ್ರ, ಹಾಡಿನಿಂದ ಮಾಯೆ ಮಾಡುವವಳು. ಅವಳು ರೈತರ ಮನೆಯಿಂದ ಬಂದವಳು. ಕಾಳಗದಲ್ಲಿ ಅವಳ ಸರದಿ ಬರುವ ಹೊತ್ತಿಗೆ ಹೊಡೆಯಲು ಯಾರೂ ಉಳಿದಿರುತ್ತಿರಲಿಲ್ಲ. ಆಟದ ನಡುವೆ ಮೊಬೈಲ್ ನೋಡುವುದು ಶುರುವಾಗಿತ್ತು. ಡಿಎಂ ಆದವರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ್ದು ಇದನ್ನು. ಎಚ್‌ಪಿ ಲೆಕ್ಕ ಆಮೇಲೆ.

ಕಥೆ ಹೀಗಿತ್ತು. ನಾಲೆಯ ಟೇಲ್ ಎಂಡ್‌ನಲ್ಲಿರುವ ಊರಿಗೆ ನೀರು ಬರುತ್ತಿಲ್ಲ. ಮೇಲಿನೂರಿನವರು ರಾತ್ರೋರಾತ್ರಿ ತೂಬು ಒಡೆದು ನೀರು ತಿರುಗಿಸಿಕೊಳ್ಳುತ್ತಾರೆ ಅಂತ ದೂರು. ಭೈರವ ನೆಟ್ಟಗೆ ಮೇಲಿನೂರಿಗೆ ಹೋಗಿ ಕತ್ತಿ ಹಿರಿದ. ಎದುರಾಡುವವರು ಯಾರೂ ಇಲ್ಲ. ನಾನು ದಾಳವನ್ನೇ ಕೇಳಲಿಲ್ಲ, ಇಡೀ ಊರು ತಲೆ ತಗ್ಗಿಸಿತು. ಅವತ್ತು ರಾತ್ರಿ ಇನ್ನೊಂದು ತೂಬು ಒಡೆಯಿತು. ಮರುದಿನ ಮತ್ತೊಂದು. ಎಂಥ ಗಟ್ಟಿಗನಾದರೂ ಒಬ್ಬನೇ ನಾಲೆ ಏರಿಯುದ್ದಕ್ಕೂ ಕಾಯಲಾಗುತ್ತದೆಯೇ? ಮೂರನೇ ದಿನ ಅವನು ಮತ್ತೆ ಕತ್ತಿ ಹಿಡಿದು ಹೋದಾಗ ಒಬ್ಬ ಮುದುಕಿ ಮನೆಯಿಂದ ಆಚೆ ಬಂದಳು. ಅವಳ ಮಾತನ್ನು ನಾನು ಮಂಡ್ಯದ ಧಾಟಿಯಲ್ಲೇ ಆಡಿದೆ:

"ಏನಪ್ಪ, ಕತ್ತಿ ತಂದ್ಬುಟ್ರೆ ನಮ್ ಗದ್ದೆಗೆ ನೀರು ಬಂದ್ಬುಡ್ತದಾ? ನಾಟಿ ಹಾಕಿ ಹದ್ನೈದ್ ದಿನ ಆಯ್ತು. ಪೈರು ಒಣಗ್ತಾ ಅದೆ. ಕಡಿಯಂಗಿದ್ರೆ ಕಡಿ, ನಾಳಿಕೆ ಇನ್ನೊಬ್ಬ ತೂಬು ಒಡೀತಾನೆ."

ಭೈರವನನ್ನು ಆಡುವ ಹುಡುಗ ತನ್ನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. ಆ ಮಾತಿಗೆ ಉತ್ತರ ಆ ಹಾಳೆಯಲ್ಲಿರಲಿಲ್ಲ. ಆಗ ಆ ಹುಡುಗಿ ಮೊಬೈಲ್ ಕೆಳಗಿಟ್ಟು ಕೇಳಿದಳು: "ಇಲ್ಲಿ ನೀರಗಂಟಿ ಯಾರು?"

ಊರಿನ ನೀರನ್ನು ಗದ್ದೆ ಗದ್ದೆಗೆ ಸರದಿಯಂತೆ ಬಿಡುವವನು ನೀರಗಂಟಿ. ಆಟದಲ್ಲಿ ನೀರಗಂಟಿ ಊರು ಬಿಟ್ಟು ಹೋಗಿದ್ದ ಅನ್ನುವುದನ್ನು ನಾನು ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿಟ್ಟಿದ್ದೆ, ಅಷ್ಟೇ. ಅವಳು ಅದನ್ನು ಹಿಡಿದು ಎಳೆದಳು. ಯಾಕೆ ಹೋದ? ಅವನ ಕೂಲಿ ಧಾನ್ಯ ಕೊಡುವುದನ್ನು ನಿಲ್ಲಿಸಿದವರು ಯಾರು? ಕಟ್ಟು ಪದ್ಧತಿ ಇತ್ತಾ, ಎಷ್ಟು ದಿನ ಬಿಟ್ಟು ಎಷ್ಟು ದಿನ ಕಟ್ಟುತ್ತಿದ್ದರು? ಅವಳಿಗೆ ಗೊತ್ತಿದ್ದಷ್ಟು ನನಗೂ ಗೊತ್ತಿರಲಿಲ್ಲ, ಆದ್ದರಿಂದ "ನೀನೇ ಹೇಳು, ಈ ಊರಲ್ಲಿ ಹೇಗಿತ್ತು?" ಅಂದೆ. ಅವಳು ಹೇಳುತ್ತಾ ಹೋದಳು, ಅದೇ ಆ ಲೋಕದ ಸತ್ಯವಾಯಿತು. ಎರಡೂ ಊರಿನವರನ್ನು ಅರಳಿಕಟ್ಟೆಗೆ ಕರೆಸಿದಳು. ನೀರಗಂಟಿಯನ್ನು ಹುಡುಕಿ ಕರೆತರಲು ಕಳ್ಳ ಪಾತ್ರದವನನ್ನು ಕಳಿಸಿದಳು. ಒಂದು ಕಡೆ ಪರ್ಸುವೇಷನ್ (ಮನವೊಲಿಕೆ) ದಾಳ ಉರುಳಿಸಿದಳು, ಉಳಿದದ್ದೆಲ್ಲ ಬರೀ ಮಾತು.

ಒಪ್ಪಂದವಾಯಿತು. ಆದರೆ ನೀರು ಕೆಳಗೆ ಹೋಗಬೇಕಾದರೆ ಹೂಳಿನಲ್ಲಿ ಸಿಕ್ಕಿಕೊಂಡಿದ್ದ ಹಳೆಯ ದೊಡ್ಡ ಬಾಗಿಲು ಮೇಲೇಳಬೇಕು. ನಾಲ್ಕಾಳು ಹಗ್ಗ ಹಾಕಿ ಎಳೆದರೂ ಅಲುಗುತ್ತಿಲ್ಲ. ಎಲ್ಲರೂ ಭೈರವನ ಕಡೆ ನೋಡಿದರು. ಸ್ಟ್ರೆಂಥ್ 20 ಇದ್ದವನು ಎತ್ತಬಲ್ಲ ಭಾರ ಅದರ ಮೂವತ್ತು ಪಟ್ಟು, ಅಂದರೆ 600 ಪೌಂಡ್, ಸುಮಾರು 272 ಕಿಲೋ. ದಾಳ ಬೇಡ ಅಂದೆ. ಅವನು ಎತ್ತಿದ, ಎರಡೂ ಊರಿನವರು ಏರಿ ಮೇಲೆ ನಿಂತು ನೋಡಿದರು, ನೀರು ಹರಿಯಿತು. ಆಟ ಮುಗಿದ ಮೇಲೆ ಆ ಹುಡುಗ ಹೇಳಿದ ಮಾತು ನನಗೆ ಮುಖ್ಯ: "ಸಾರ್, ಭೈರವನಿಗೆ ಜನ ಕೈಮುಗಿದಿದ್ದು ಇವತ್ತೇ." ಅವನ ಬಲದಲ್ಲಿ ಒಂದಂಕಿಯೂ ಇಳಿದಿರಲಿಲ್ಲ. ಅವನ ಬಲ ಒಂದು ಕೆಲಸಕ್ಕೆ ಬೇಕಾಗಿತ್ತು, ಅವಳ ಬುದ್ಧಿ ಇನ್ನೊಂದಕ್ಕೆ. ಬಲಶಾಲಿಯನ್ನು ಮೆರೆಸಲೇಬೇಕು, ಅದಕ್ಕಾಗಿಯೇ ಅವನು ಆ ಪಾತ್ರ ಕಟ್ಟಿದ್ದಾನೆ. ಅವನೊಬ್ಬನೇ ಮೆರೆಯದ ಹಾಗೆ ಕಥೆ ಕಟ್ಟುವುದು ನಮ್ಮ ಹೊಣೆ.

ಇದೇ ಮಾತು ಮಂತ್ರಗಳಿಗೂ ಸಲ್ಲುತ್ತದೆ. ಗುಡ್‌ಬೆರ್ರಿ ಮಂತ್ರದಿಂದ ಹತ್ತು ಹಣ್ಣು ಹುಟ್ಟುತ್ತವೆ, ಒಂದೊಂದು ಹಣ್ಣೂ ಒಬ್ಬರ ಒಂದು ದಿನದ ಊಟ. ಹಸಿವಿನ ಕಥೆ ಹೇಳಲು ಹೊರಟ ಡಿಎಂ ಇದನ್ನು ಕಂಡು ಸಿಟ್ಟಾಗುತ್ತಾರೆ. ಸಿಟ್ಟೇಕೆ? ಬರಗಾಲದ ಊರಲ್ಲಿ ಮುನ್ನೂರು ಜನರಿರಲಿ, ಹತ್ತು ಹಣ್ಣು ಯಾರಿಗೆ ಅಂತ ಕೇಳಿ. ಸತ್ತವರೊಡನೆ ಮಾತಾಡುವ ಮಂತ್ರ ಕೊಲೆಯ ಕಥೆಯನ್ನು ಕೆಡಿಸುತ್ತದೆ ಅನ್ನುತ್ತಾರೆ. ಆ ಮಂತ್ರದಲ್ಲಿ ಕೇಳಬಹುದಾದ್ದು ಐದೇ ಪ್ರಶ್ನೆ, ಮತ್ತು ಸತ್ತವನಿಗೆ ಗೊತ್ತಿದ್ದಷ್ಟೇ ಅವನು ಹೇಳಬಲ್ಲ. ಹಿಂದಿನಿಂದ ಇರಿತ ತಿಂದವನಿಗೆ ಇರಿದವನ ಮುಖ ಗೊತ್ತಿರುವುದಿಲ್ಲ, ಆದರೆ ತನಗೆ ಯಾರ ಮೇಲೆ ಅನುಮಾನವಿತ್ತು ಅಂತ ಗೊತ್ತಿರುತ್ತದೆ. ಆ ಅನುಮಾನ ತಪ್ಪಾಗಿದ್ದರೆ ಕಥೆ ಇನ್ನೂ ಬೆಳೆಯುತ್ತದೆ. ಮಂತ್ರವನ್ನು ನಿಷೇಧಿಸುವ ಬದಲು, ಮಂತ್ರದಿಂದ ಸಿಕ್ಕ ಉತ್ತರ ಮುಂದಿನ ಪ್ರಶ್ನೆಗೆ ಬಾಗಿಲಾಗಲಿ.

ಕೆಲವೊಮ್ಮೆ ಬಲವನ್ನು ನಿಜಕ್ಕೂ ಇಳಿಸಬೇಕಾಗುತ್ತದೆ. ಯಾವುದೋ ಸೆಷನ್‌ನಲ್ಲಿ ಕೈತಪ್ಪಿ ಕೊಟ್ಟ ಮಾಯಾ ಕತ್ತಿ ಎಲ್ಲವನ್ನೂ ನುಂಗುತ್ತಿರುತ್ತದೆ. ಆಗ ಎಷ್ಟೋ ಡಿಎಂಗಳು "ರಾತ್ರಿ ಕಳ್ಳ ಬಂದು ಕತ್ತಿ ಕದ್ದ" ಅಂದುಬಿಡುತ್ತಾರೆ. ಆಟಗಾರನಿಗೆ ಅದು ಕಥೆ ಅನ್ನಿಸುವುದಿಲ್ಲ, ತನಗೆ ಮಾಡಿದ ಮೋಸ ಅನ್ನಿಸುತ್ತದೆ. ಅವನು ಮಲಗಿದ್ದ, ಅವನಿಗೆ ಆಯ್ಕೆಯೇ ಇರಲಿಲ್ಲ.

ಇದಕ್ಕೆ ನಮ್ಮಲ್ಲೇ ಒಂದು ಉತ್ತಮ ದಾರಿ ಇದೆ. ಕರ್ಣನಿಗಿಂತ ಓಪಿ ಪಾತ್ರ ಯಾವುದಿದೆ? ಹುಟ್ಟುವಾಗಲೇ ಭೇದಿಸಲಾಗದ ಕವಚ. ಯುದ್ಧ ನಡೆಯಬೇಕಾದರೆ ಅದು ಹೋಗಲೇಬೇಕು. ಮಹಾಭಾರತ ಏನು ಮಾಡಿತು ನೋಡಿ. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಬೇಡುತ್ತಾನೆ. ಅದಕ್ಕೂ ಮೊದಲೇ ಸೂರ್ಯ ಕನಸಿನಲ್ಲಿ ಬಂದು, ಬರುವವನು ಇಂದ್ರ, ಕೊಡಬೇಡ ಅಂತ ಎಚ್ಚರಿಸಿರುತ್ತಾನೆ. ಅಂದರೆ ಆಟಗಾರನಿಗೆ ಎಲ್ಲ ಗೊತ್ತು. ಬೇಡ ಅನ್ನುವ ಹಕ್ಕೂ ಇದೆ. ಕರ್ಣ ತನ್ನ ಕೈಯಿಂದಲೇ ಕವಚ ಕತ್ತರಿಸಿ ಕೊಡುತ್ತಾನೆ, ಬದಲಿಗೆ ಶಕ್ತ್ಯಾಯುಧವನ್ನು ಕೇಳಿ ಪಡೆಯುತ್ತಾನೆ. ಎಚ್ಚರಿಕೆ, ಆಯ್ಕೆ, ಪ್ರತಿಫಲ ಮೂರೂ ಅಲ್ಲಿವೆ. ಕವಚ ಹೋದ ಮೇಲೆ ಕರ್ಣ ಕುಗ್ಗಲಿಲ್ಲ, ನಮ್ಮ ಕಣ್ಣಲ್ಲಿ ಇನ್ನೂ ಬೆಳೆದ. ಕನ್ನಡಿಗರು ಸಾವಿರ ವರ್ಷದಿಂದ ಅವನನ್ನು ನೆನೆಯುತ್ತಿರುವುದು ಕವಚಕ್ಕಾಗಿ ಅಲ್ಲ.

2013ರಲ್ಲಿ ಬಂದ ‘ಫೇಟ್ ಕೋರ್’ ಎಂಬ ಆಟದಲ್ಲಿ ಇದೇ ನಿಯಮವಾಗಿ ಕೂತಿದೆ. ಪಾತ್ರದ ಸ್ವಭಾವದಿಂದಲೇ ಅವನಿಗೊಂದು ಕಷ್ಟ ತರಬೇಕಾದರೆ ಆಡಿಸುವವರು ಒಂದು ಫೇಟ್ ಪಾಯಿಂಟ್ ಮುಂದಿಡಬೇಕು. ಆಟಗಾರ ಕಷ್ಟ ಒಪ್ಪಿ ಅದನ್ನು ತೆಗೆದುಕೊಳ್ಳಬಹುದು, ಇಲ್ಲವೇ ತನ್ನಲ್ಲಿರುವ ಒಂದು ಪಾಯಿಂಟ್ ಕೊಟ್ಟು ನಿರಾಕರಿಸಬಹುದು. ಡಿ ಅಂಡ್ ಡಿಯಲ್ಲಿ ಆ ನಿಯಮ ಇಲ್ಲದಿದ್ದರೂ ರೀತಿಯನ್ನು ತರಲು ಯಾರ ಅಪ್ಪಣೆಯೂ ಬೇಡ. ಪಾತಾಳದ ಬಾಗಿಲನ್ನು ಮುಚ್ಚಲು ಆ ಮಾಯಾ ಕತ್ತಿಯನ್ನು ಅಗುಳಿಯಾಗಿ ಜಡಿಯಬೇಕು, ಜಡಿದರೆ ಮರಳಿ ಬರುವುದಿಲ್ಲ ಅಂತ ಮುಂಚೆಯೇ ತಿಳಿಸಿ. ನಿರ್ಧಾರ ಅವನದಾಗಲಿ. ಬೇಡ ಅಂದರೆ ಬೇರೆ ದಾರಿಯೂ ಇರಲಿ, ಅದಕ್ಕೆ ಬೇರೆ ಬೆಲೆ ಇರಲಿ. ಕೊಟ್ಟರೆ ಅವನ ಕೈಗೆ ಇನ್ನೊಂದು ಬರಲಿ. ಅದು ಒಂದೇ ಸಲ ಬಳಸಬಹುದಾದದ್ದಾದರೆ ಇನ್ನೂ ಒಳ್ಳೆಯದು. ಕರ್ಣ ಅರ್ಜುನನಿಗೆಂದು ಕಾಪಾಡಿಟ್ಟ ಶಕ್ತ್ಯಾಯುಧವನ್ನು ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚನ ಮೇಲೆ ಬಿಡಬೇಕಾಯಿತು. ಸುತ್ತ ಸೈನ್ಯ ಸಾಯುತ್ತಿದೆ, ಎಲ್ಲರೂ ಬಿಡು ಬಿಡು ಅನ್ನುತ್ತಿದ್ದಾರೆ. ಅಂಥ ಒಂದು ಗಳಿಗೆಯನ್ನು ನಿಮ್ಮ ಆಟಗಾರನಿಗೆ ಕೊಟ್ಟರೆ ಅವನು ಅದನ್ನು ಜೀವನಪೂರ್ತಿ ಹೇಳಿಕೊಂಡು ತಿರುಗುತ್ತಾನೆ.

ಇಷ್ಟೆಲ್ಲ ಆದ ಮೇಲೂ ಎಲ್ಲಕ್ಕಿಂತ ಸುಲಭದ, ಎಲ್ಲರೂ ಮುಂದೂಡುವ ದಾರಿ ಇನ್ನೊಂದಿದೆ: ಆ ಆಟಗಾರನ ಜೊತೆ ಕೂತು ಮಾತಾಡುವುದು. ಮೇಜಿನ ಮೇಲೆ, ಎಲ್ಲರೆದುರು ಬೇಡ. ಅಗ್ರಹಾರದ ಹತ್ತಿರ ಕಾಫಿ ಕುಡಿಯುತ್ತಾ ನಾನು ಭೈರವನ ಹುಡುಗನ ಜೊತೆ ಮಾತಾಡಿದ್ದು ಹೀಗೆ:

"ಭೈರವನ್ನ ಸಖತ್ತಾಗಿ ಕಟ್ಟಿದ್ದೀಯ ಕಣೋ. ಆದ್ರೆ ಕಾಳಗದಲ್ಲಿ ಮಿಕ್ಕ ಮೂವರಿಗೆ ಕೆಲಸ ಇಲ್ದಂಗಾಗಿದೆ."

"ನರ್ಫ್ ಮಾಡ್ತೀರಾ, ಬಲ ಇಳಿಸ್ತೀರಾ ಸಾರ್?"

"ಇಲ್ಲ. ನಿನಗೆ ನಿಯಮ ನನಗಿಂತ ಚೆನ್ನಾಗಿ ಗೊತ್ತು. ನೀನೇ ಒಂದು ದಾರಿ ಹೇಳು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡ್ಯೂಯೆಲಿಂಗ್ ಬಿಟ್ಟು ಪ್ರೊಟೆಕ್ಷನ್ ಸ್ಟೈಲ್ ತಗೊಳ್ಲಾ?" ಅಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡೂ ಫೈಟರ್ ಆರಿಸಿಕೊಳ್ಳುವ ಕಾಳಗದ ಶೈಲಿಗಳು, ಡ್ಯೂಯೆಲಿಂಗ್ ಅವನ ಪೆಟ್ಟನ್ನು ಹೆಚ್ಚಿಸುತ್ತದೆ. ಪ್ರೊಟೆಕ್ಷನ್ ಇದ್ದರೆ, ಐದಡಿಯೊಳಗೆ ಇರುವ ಗೆಳೆಯನ ಮೇಲೆ ಯಾರಾದರೂ ಎರಗಿದಾಗ ಗುರಾಣಿ ಅಡ್ಡ ಹಿಡಿಯಬಹುದು. ಹೊಡೆಯುವವನು ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕಾಗುತ್ತದೆ. ಇದಕ್ಕೆ ಒಂದು ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲಿ ಪ್ರತಿಕ್ರಿಯಿಸುವ ಅವಕಾಶ, ಖರ್ಚು. ಶೀಲ್ಡ್ ಮಂತ್ರಕ್ಕೂ ರಿಯಾಕ್ಷನ್ನೇ ಬೇಕು. ಒಂದು ಸುತ್ತಿಗೆ ಸಿಗುವುದು ಒಂದೇ. ಅಂದರೆ ಪ್ರತಿ ಸುತ್ತಿನಲ್ಲೂ ಅವನು ಆರಿಸಬೇಕು: ತನ್ನ ಎಸಿಯನ್ನು 25ಕ್ಕೆ ಏರಿಸಿಕೊಳ್ಳುವುದೋ, ಪಕ್ಕದಲ್ಲಿರುವವಳನ್ನು ಉಳಿಸುವುದೋ. ನಾನು ವಾರವೆಲ್ಲ ಯೋಚಿಸಿದರೂ ಇಷ್ಟು ಚೆಂದದ ಪರಿಹಾರ ಹೊಳೆಯುತ್ತಿರಲಿಲ್ಲ. ನಿಯಮವನ್ನು ಅರೆದು ಕುಡಿದು ಬಲಶಾಲಿ ಪಾತ್ರ ಕಟ್ಟುವವರು ಆಟವನ್ನು ಅಷ್ಟು ಪ್ರೀತಿಸುತ್ತಾರೆ. ಆ ಪ್ರೀತಿಯನ್ನು ಶತ್ರುವಾಗಿ ನೋಡಬೇಡಿ, ಕೆಲಸಕ್ಕೆ ಹಚ್ಚಿ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

(ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸಾರ್, ನಮ್ಮ ಗುಂಪಲ್ಲಿ ಒಬ್ಬರಿಗೆ ಹೀಗೆ ಕೂರಿಸಿ ಹೇಳಿದ್ವಿ. ಬೇರೆಯವರ ಸರದೀಲೂ ಅವರೇ ಏನ್ಮಾಡಬೇಕು ಅಂತ ಹೇಳ್ತಾರೆ. ಕೇಳೋದೇ ಇಲ್ಲ. ಏನ್ಮಾಡೋದು?")

ಅದು ಪಾತ್ರದ ಬಲದ ಪ್ರಶ್ನೆ ಅಲ್ಲಮ್ಮ, ಮನುಷ್ಯರ ನಡವಳಿಕೆಯ ಪ್ರಶ್ನೆ. ಆ ಪಾತ್ರದಿಂದ ಎಲ್ಲ ಶಕ್ತಿ ಕಿತ್ತುಕೊಂಡರೂ ಅವರು ಬೇರೆಯವರ ಸರದಿಯಲ್ಲಿ ಮಾತಾಡುತ್ತಲೇ ಇರುತ್ತಾರೆ. ಆಟದೊಳಗೆ ಅದಕ್ಕೆ ಮದ್ದಿಲ್ಲ. ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ: ಇವರ ಸರದಿ, ಇವರೇ ಹೇಳಲಿ. ಸೆಷನ್ ನಡೆಯುವಾಗಲೂ ಮೆತ್ತಗೆ ಆದರೆ ಬಿಡದೆ ಅದನ್ನೇ ಹೇಳಿ. ಆಮೇಲೂ ಬದಲಾಗದಿದ್ದರೆ, ಆ ಮೇಜಿಗೆ ಅವರು ಬೇಡ ಅಂತ ಹೇಳುವ ಧೈರ್ಯ ಮಾಡಬೇಕು. ಸ್ನೇಹ ಉಳಿಸಿಕೊಳ್ಳಿ, ಸಿನಿಮಾಗೆ ಒಟ್ಟಿಗೆ ಹೋಗಿ. ಒಬ್ಬರಿಗಾಗಿ ಮೂವರು ಆಟ ಬಿಡುವಂತಾಗಬಾರದು.

(ಹಿಂದಿನ ಸಾಲಿನಿಂದ ಒಬ್ಬ ತಂದೆ: "ನಾನು ಮನೇಲಿ ಮಗಳಿಗೂ ಅವಳ ಫ್ರೆಂಡ್ಸಿಗೂ ಆಡಿಸ್ತೀನಿ. ಹತ್ತು ವರ್ಷದ ಮಕ್ಕಳು. ಎಲ್ಲರಿಗೂ ಓಪಿನೇ ಆಗಬೇಕಂತೆ. ಒಬ್ಬಳಿಗೆ ಹಾರೋ ಕುದುರೆ ಕೊಟ್ರೆ ಎಲ್ಲರಿಗೂ ಬೇಕು.")

ಕೊಟ್ಟುಬಿಡಿ ಸಾರ್. ಎಲ್ಲರ ಹತ್ತಿರವೂ ಹಾರುವ ಕುದುರೆ ಇದ್ದರೆ ಯಾರೂ ಹಿಂದೆ ಉಳಿಯುವುದಿಲ್ಲ, ಅಲ್ಲಿ ತೊಂದರೆಯೇ ಇಲ್ಲ. ಅವರಿಗೆ ತಕ್ಕ ಲೋಕ ಕಟ್ಟಿ. ಮೋಡದ ಮೇಲೊಂದು ಊರಿರಲಿ, ಕುದುರೆ ಇಲ್ಲದವರು ಅಲ್ಲಿಗೆ ಹೋಗಲಾಗದಿರಲಿ, ಅಲ್ಲಿನವರಿಗೆ ಈ ನಾಲ್ವರಿಂದಲೇ ಆಗಬೇಕಾದ ಕೆಲಸವಿರಲಿ. ಒಂದೇ ಒಂದು ಸೂಚನೆ: ನಾಲ್ಕು ಕುದುರೆಗೂ ಬೇರೆ ಬೇರೆ ಸ್ವಭಾವ ಇಡಿ. ಒಂದು ಗುಡುಗಿಗೆ ಹೆದರಲಿ, ಒಂದು ರಾತ್ರಿ ಮಾತ್ರ ಹಾರಲಿ, ಒಂದಕ್ಕೆ ಇಬ್ಬರನ್ನು ಹೊರುವ ತಾಕತ್ತಿರಲಿ, ಒಂದಕ್ಕೆ ದಾರಿ ಗೊತ್ತಿರಲಿ. ಯಾವ ಕುದುರೆ ಯಾರಿಗೆ ಅಂತ ನೀವು ಹಂಚಬೇಡಿ, ಮಕ್ಕಳೇ ಮಾತಾಡಿಕೊಂಡು ತೀರ್ಮಾನಿಸಲಿ. ನಿಮ್ಮ ಮೊದಲ ಸೆಷನ್ ಅದರಲ್ಲೇ ಮುಗಿಯುತ್ತದೆ.